ಹಳೆಯ ಮನೆಯ ದುರಸ್ತಿಗೆ ರಾಜ್ಯದ ತೆರಿಗೆ ಕ್ರೆಡಿಟ್: ಕಿಟಕಿ ಕಿತ್ತ ಮೇಲೆ ಕೇಳುತ್ತಿರುವ ಪ್ರಶ್ನೆ

ಹೊಸಬರ ಹಳೆಮನೆ

ಎಲ್ಲರಿಗೂ ನಮಸ್ಕಾರ. ಕಳೆದ ಚಳಿಗಾಲದಲ್ಲಿ ನಾವು ಉತ್ತರ ಕ್ಯಾರೊಲೈನಾದ ಡರ್‌ಹ್ಯಾಮಿನಲ್ಲಿ 1920ರ ದಶಕದ ಮರದ ಮನೆಯೊಂದನ್ನು ಕೊಂಡೆವು. ನಮ್ಮ ಬೀದಿ ಚಾರಿತ್ರಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದ ಪ್ರದೇಶದೊಳಗೆ ಬರುತ್ತದೆ ಎಂಬುದು ನಮಗೆ ಗೊತ್ತಿತ್ತು, ಆದರೆ ಅದರಿಂದ ದುರಸ್ತಿಯ ಖರ್ಚಿನ ಒಂದು ಪಾಲು ರಾಜ್ಯದ ಆದಾಯ ತೆರಿಗೆಯಲ್ಲಿ ಮರಳಿ ಸಿಗಬಹುದು ಎಂಬುದನ್ನು ಪಕ್ಕದ ಮನೆಯ ಹಿರಿಯರು ಮೊನ್ನೆಯಷ್ಟೇ ಬೇಲಿಯಾಚೆಯಿಂದ ಹೇಳಿದರು. ಅವರು ಹೇಳುವ ಹೊತ್ತಿಗೆ ನಮ್ಮ ಗುತ್ತಿಗೆದಾರ ಮುಂಭಾಗದ ನಾಲ್ಕು ಕಿಟಕಿಗಳನ್ನು ಕಿತ್ತು, ಬಿಳಿ ವಿನೈಲಿನ ಹೊಸ ಕಿಟಕಿಗಳನ್ನು ಕೂರಿಸಿ ಆಗಿತ್ತು. ಇನ್ನೂ ಹತ್ತು ಕಿಟಕಿಗಳು ಬಾಕಿ ಇವೆ. ಛಾವಣಿ, ವಿದ್ಯುತ್ ತಂತಿ, ಕೊಳಾಯಿ ಮತ್ತು ಮುಂಜಗಲಿಯ ಕೆಲಸ ಇನ್ನೂ ಆರಂಭವಾಗಿಲ್ಲ. ಒಟ್ಟು ಅಂದಾಜು 80,000 ಡಾಲರ್.

ನನ್ನ ಪ್ರಶ್ನೆಗಳು ಎರಡು. ನಾಲ್ಕು ಕಿಟಕಿಗಳ ಕಾರಣಕ್ಕೆ ಎಲ್ಲವೂ ಕೈಬಿಟ್ಟು ಹೋಯಿತೇ? ಮನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟರೆ ಕೇಂದ್ರ ಸರ್ಕಾರದ 20 ಶೇಕಡಾ ಕ್ರೆಡಿಟ್ ಕೂಡ ಸಿಗುತ್ತದೆ ಎಂದು ಯಾರೋ ಹೇಳಿದರು, ಅದು ನಿಜವೇ?

ಜಮಾಖರ್ಚು

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಸುಲಭ: ಬಾಡಿಗೆಯ ಆಲೋಚನೆಯನ್ನು ಬಿಟ್ಟುಬಿಡಿ. ಕೇಂದ್ರದ 20 ಶೇಕಡಾ ಕ್ರೆಡಿಟ್ ಆದಾಯ ತರುವ ಕಟ್ಟಡಗಳಿಗೆ ಮಾತ್ರ, ಮಾಲೀಕರೇ ವಾಸಿಸುವ ಮನೆಗೆ ಅದು ಇಲ್ಲ. ಬಾಡಿಗೆಗೆ ಕೊಟ್ಟರೂ ಇನ್ನೊಂದು ಗೋಡೆ ಎದುರಾಗುತ್ತದೆ. ದುರಸ್ತಿಯ ಖರ್ಚು, ಸಾಮಾನ್ಯವಾಗಿ 24 ತಿಂಗಳೊಳಗೆ, ಕಟ್ಟಡದ ಪುಸ್ತಕದ ಬೆಲೆಯನ್ನು ಅಥವಾ 5,000 ಡಾಲರನ್ನು, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಿರಬೇಕು. ಪುಸ್ತಕದ ಬೆಲೆ ಎಂದರೆ ನೀವು ಕೊಟ್ಟ ಬೆಲೆಯಲ್ಲಿ ನೆಲದ ಪಾಲನ್ನು ಕಳೆದು ಉಳಿಯುವ ಮೊತ್ತ ಎಂದು ಸದ್ಯಕ್ಕೆ ಇಟ್ಟುಕೊಳ್ಳಿ. ಈಗಿನ ಡರ್‌ಹ್ಯಾಮಿನ ಬೆಲೆಗಳಲ್ಲಿ ಮನೆ ಕೊಂಡವರು 80,000 ಖರ್ಚು ಮಾಡಿ ಆ ಗೋಡೆಯನ್ನು ಹಾರುವುದು ಸಾಧ್ಯವಿಲ್ಲದ ಮಾತು. ಬೀಳಲು ಸಿದ್ಧವಾದ ಗಿರಣಿಯನ್ನು ಅಗ್ಗಕ್ಕೆ ಕೊಂಡು ಕೋಟಿಗಟ್ಟಲೆ ಸುರಿಯುವವರಿಗಾಗಿ ಮಾಡಿದ ಲೆಕ್ಕ ಅದು.

ರಾಜ್ಯದ ಕ್ರೆಡಿಟ್ ಬೇರೆಯೇ ವಿಷಯ. ಉತ್ತರ ಕ್ಯಾರೊಲೈನಾದಲ್ಲಿ ಸ್ವಂತ ವಾಸದ ಚಾರಿತ್ರಿಕ ಮನೆಗೆ, 24 ತಿಂಗಳೊಳಗೆ ಕನಿಷ್ಠ 10,000 ಡಾಲರ್ ಅರ್ಹ ಖರ್ಚು ಮಾಡಿದರೆ, ಅದರ 15 ಶೇಕಡಾ ಕ್ರೆಡಿಟ್ ಸಿಗುತ್ತದೆ. ಗರಿಷ್ಠ ಮಿತಿ 22,500 ಡಾಲರ್. ಇದು ಆದಾಯದಲ್ಲಿ ಕಳೆಯುವ ವಿನಾಯಿತಿಯಲ್ಲ, ಕಟ್ಟಬೇಕಾದ ತೆರಿಗೆಯಲ್ಲೇ ಡಾಲರಿಗೆ ಡಾಲರಿನಂತೆ ಕಳೆಯುವ ಮೊತ್ತ ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನನ್ನ ಬಳಿ ಬರುವವರಲ್ಲಿ ಅರ್ಧದಷ್ಟು ಜನ ಇವೆರಡನ್ನೂ ಒಂದೇ ಎಂದುಕೊಂಡಿರುತ್ತಾರೆ. ನಿಮ್ಮ 80,000 ಪೂರ್ತಿ ಅರ್ಹವಾದರೆ 12,000 ಡಾಲರ್ ಆಯಿತು. ತೆರಿಗೆಗೆ ಒಳಪಡುವ ಆದಾಯ 1,20,000 ಇರುವ ಕುಟುಂಬಕ್ಕೆ 2025ರ 4.25 ಶೇಕಡಾ ದರದಲ್ಲಿ ರಾಜ್ಯದ ತೆರಿಗೆ 5,100 ಬರುತ್ತದೆ. ಹೀಗಾಗಿ ಒಂದೇ ವರ್ಷದಲ್ಲಿ ಎಲ್ಲವೂ ಕೈಗೆ ಬರುವುದಿಲ್ಲ. ದರ ಹಾಗೆಯೇ ಇದ್ದರೆ ಎರಡು ವರ್ಷ ರಾಜ್ಯಕ್ಕೆ ಏನನ್ನೂ ಕಟ್ಟದೆ, ಮೂರನೆಯ ವರ್ಷ 1,800 ಕಳೆದುಕೊಂಡು ಉಳಿದದ್ದನ್ನು ಕಟ್ಟುತ್ತೀರಿ. ಬಳಸದೆ ಉಳಿದ ಕ್ರೆಡಿಟನ್ನು ಒಂಬತ್ತು ವರ್ಷಗಳವರೆಗೆ ಮುಂದಕ್ಕೆ ಒಯ್ಯಬಹುದು.

ಕಿಟಕಿಯ ವಿಷಯ ನನ್ನದಲ್ಲ. ಆದರೆ ರಾಜ್ಯದ ಸಂರಕ್ಷಣಾ ಕಚೇರಿಯ ಒಪ್ಪಿಗೆಗೆ ಮೊದಲೇ ಮುಗಿಸಿದ ಕೆಲಸದ ರಸೀದಿಗಳನ್ನು ಬೇರೆ ಲಕೋಟೆಯಲ್ಲಿಡಿ. ಅವುಗಳಿಂದ ಏನೂ ಬರುವುದಿಲ್ಲ ಎಂದುಕೊಂಡೇ ಮುಂದಿನ ಲೆಕ್ಕ ಹಾಕಿ.

ಸುಣ್ಣಗಾರೆ

ಹಳೆಯ ಕಟ್ಟಡಗಳ ದುರಸ್ತಿಯ ನಕ್ಷೆ ಮಾಡುವುದು ನನ್ನ ಕಸುಬು. ‘ಹೊಸಬರ ಹಳೆಮನೆ’ ಅವರೇ, ಇಂದೇ ಗುತ್ತಿಗೆದಾರರಿಗೆ ಕರೆಮಾಡಿ ಕೆಲಸ ನಿಲ್ಲಿಸಲು ಹೇಳಿ. ಆಮೇಲೆ ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಿ. ಪ್ರದೇಶ ಪಟ್ಟಿಯಲ್ಲಿದ್ದರೆ ಸಾಲದು. ಆ ಪ್ರದೇಶದ ಮಹತ್ವಕ್ಕೆ ನಿಮ್ಮ ಮನೆಯೂ ಕೊಡುಗೆ ನೀಡುವ ಕಟ್ಟಡವೆಂದು ದಾಖಲಾಗಿರಬೇಕು. ಪ್ರದೇಶದ ಮೂಲ ನಾಮನಿರ್ದೇಶನ ಪತ್ರದಲ್ಲಿ ಒಂದೊಂದು ಮನೆಗೂ ಒಂದೊಂದು ಸಣ್ಣ ಕಂಡಿಕೆ ಇರುತ್ತದೆ, ಅದನ್ನು ಹುಡುಕಿ ಓದಿ. ಎರಡನೆಯದಾಗಿ, ನಗರಸಭೆ ಘೋಷಿಸುವ ಸ್ಥಳೀಯ ಚಾರಿತ್ರಿಕ ಪ್ರದೇಶ ಬೇರೆ, ರಾಷ್ಟ್ರೀಯ ಪಟ್ಟಿ ಬೇರೆ. ಕ್ರೆಡಿಟ್ ಬರುವುದು ರಾಷ್ಟ್ರೀಯ ಪಟ್ಟಿಯಿಂದ. ಸ್ಥಳೀಯ ಘೋಷಣೆಯಿಂದ ಮಾತ್ರ ಬರುವುದು ಹೊರಭಾಗದ ಬದಲಾವಣೆಗೆ ಅನುಮತಿ ಪಡೆಯುವ ಹೊಣೆ.

ಈಗ ಕಿಟಕಿ. ರಾಜ್ಯದ ಸಂರಕ್ಷಣಾ ಕಚೇರಿ ನಿಮ್ಮ ಅರ್ಜಿಯನ್ನು ಕೇಂದ್ರದ ಒಳಾಡಳಿತ ಕಾರ್ಯದರ್ಶಿಗಳ (ಇಲ್ಲಿ ಅದು ಪೊಲೀಸರ ಇಲಾಖೆಯಲ್ಲ, ಸರ್ಕಾರಿ ನೆಲ ಮತ್ತು ಉದ್ಯಾನಗಳನ್ನು ನೋಡಿಕೊಳ್ಳುವ ಇಲಾಖೆ) ಹೆಸರಿನಲ್ಲಿರುವ ಹತ್ತು ಮಾನದಂಡಗಳ ಪ್ರಕಾರ ತೂಗುತ್ತದೆ. ಅವುಗಳಲ್ಲಿ ಆರನೆಯದು ಹೇಳುವುದಿಷ್ಟು: ಸವೆದದ್ದನ್ನು ಬದಲಾಯಿಸುವ ಮೊದಲು ದುರಸ್ತಿ ಮಾಡಿ, ದುರಸ್ತಿ ಸಾಧ್ಯವೇ ಇಲ್ಲದಿದ್ದರೆ ಆಕಾರ, ಬಣ್ಣ, ಮೇಲ್ಮೈ ಮತ್ತು ಸಾಧ್ಯವಿದ್ದಲ್ಲಿ ವಸ್ತುವೂ ಹಳೆಯದನ್ನೇ ಹೋಲಲಿ. ವಿನೈಲ್ ಕಿಟಕಿಗಳು ಇಲ್ಲೇ ಸೋಲುತ್ತವೆ. ಅವುಗಳ ಚೌಕಟ್ಟು ದಪ್ಪ, ಗಾಜಿನ ವಿಸ್ತೀರ್ಣ ಕಡಿಮೆ, ಪಟ್ಟಿಗಳು ಎರಡು ಗಾಜುಗಳ ನಡುವೆ ಸಿಕ್ಕಿಸಿದ ಅಲಂಕಾರ. ಬೀದಿಯಿಂದ ನೋಡಿದರೆ ಮನೆಯ ಕಣ್ಣಿಗೆ ಪೊರೆ ಬಂದಂತೆ ಕಾಣುತ್ತದೆ.

ನಿಮ್ಮ ಬಾಕಿ ಹತ್ತು ಕಿಟಕಿಗಳಲ್ಲಿ ಒಂದರ ಬಳಿ ಹೋಗಿ ನಿಂತು ನೋಡಿ. ಮೇಲೆ ಕೆಳಗೆ ಜಾರುವ ಎರಡು ಚೌಕಟ್ಟುಗಳು, ಅಕ್ಕಪಕ್ಕದ ಪೊಳ್ಳು ಪೆಟ್ಟಿಗೆಯೊಳಗೆ ಹಗ್ಗದ ತುದಿಗೆ ಕಟ್ಟಿದ ಕಬ್ಬಿಣದ ಗುಂಡು, ಮೇಲೆ ಒಂದು ಸಣ್ಣ ರಾಟೆ. ಬಾವಿಯ ರಾಟೆಯನ್ನು ಕಂಡವರಿಗೆ ಈ ಯಂತ್ರವನ್ನು ವಿವರಿಸುವ ಅಗತ್ಯವಿಲ್ಲ. ಮನೆಯವರು ‘ಹಾಳಾಗಿದೆ’ ಎನ್ನುವ ಹೆಚ್ಚಿನ ಕಿಟಕಿಗಳಲ್ಲಿ ಹಾಳಾಗಿರುವುದು ಹಗ್ಗ ಮಾತ್ರ. ಇಲ್ಲವೇ ಬಣ್ಣದ ಮೇಲೆ ಬಣ್ಣ ಬಳಿದು ಚೌಕಟ್ಟು ಅಂಟಿಕೊಂಡಿರುತ್ತದೆ, ಅಥವಾ ಗಾಜಿನ ಸುತ್ತಲಿನ ಪುಟ್ಟಿ ಒಣಗಿ ಉದುರಿರುತ್ತದೆ. ಒಳಪಟ್ಟಿಯನ್ನು ಎಬ್ಬಿಸಿ, ಪೆಟ್ಟಿಗೆಯ ಪುಟ್ಟ ಬಾಗಿಲು ತೆರೆದು, ಹೊಸ ಹತ್ತಿಯ ಹಗ್ಗ ಕಟ್ಟಿದರೆ ನೂರು ವರ್ಷದ ಕಿಟಕಿ ಒಂದೇ ಬೆರಳಿಗೆ ಮೇಲೇಳುತ್ತದೆ. ಆ ಕಾಲದ ನಿಧಾನ ಬೆಳೆದ ಪೈನ್ ಮರ ಇಂದು ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ: 1978ಕ್ಕಿಂತ ಹಿಂದಿನ ಮನೆಯ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಒಣಗಿದ ಬಣ್ಣವನ್ನು ಉಜ್ಜಿ ಧೂಳೆಬ್ಬಿಸಬೇಡಿ, ಮಕ್ಕಳನ್ನು ದೂರವಿಡಿ.

ಚಳಿಯ ಚಿಂತೆಗೆ ಹೊರಗಡೆ ಇನ್ನೊಂದು ಗಾಜಿನ ಚೌಕಟ್ಟು ಜೋಡಿಸಬಹುದು. ಹಳೆಯದನ್ನು ಮುಟ್ಟದ ಕಾರಣ ಅದಕ್ಕೆ ಸಾಮಾನ್ಯವಾಗಿ ಆಕ್ಷೇಪ ಬರುವುದಿಲ್ಲ. ರಾಷ್ಟ್ರೀಯ ಉದ್ಯಾನ ಸೇವೆ ಹೊರತರುವ ಸಂರಕ್ಷಣಾ ಕೈಪಿಡಿಗಳ ಸರಣಿಯಲ್ಲಿ ಒಂಬತ್ತನೆಯದು ಪೂರ್ತಿ ಮರದ ಕಿಟಕಿಗಳ ಬಗ್ಗೆಯೇ ಇದೆ. ಅದರ ಒಂದು ಪ್ರತಿಯನ್ನು ಗುತ್ತಿಗೆದಾರರ ಕೈಗೂ ಕೊಡಿ.

ಇಟ್ಟಿಗೆಯ ಚಿಮಣಿ ಇದ್ದರೆ ಅದರ ಸಂದುಗಳಿಗೆ ಸಿಮೆಂಟ್ ಮೆತ್ತಲು ಬಿಡಬೇಡಿ. ಹಳೆಯ ಇಟ್ಟಿಗೆ ಮೃದು, ಅದರ ಜೊತೆ ಬಾಳುವುದು ಸುಣ್ಣದ ಗಾರೆ. ಗಟ್ಟಿ ಸಿಮೆಂಟ್ ಹಾಕಿದರೆ ಒಳಗಿನ ತೇವ ಸಂದಿನಿಂದ ಹೊರಬರಲಾಗದೆ ಇಟ್ಟಿಗೆಯ ಮೂಲಕವೇ ದಾರಿ ಮಾಡಿಕೊಳ್ಳುತ್ತದೆ, ನಾಲ್ಕಾರು ಚಳಿಗಾಲ ಕಳೆದ ಮೇಲೆ ಇಟ್ಟಿಗೆಯ ಮುಖವೇ ಹಪ್ಪಳದಂತೆ ಏಳುತ್ತದೆ. ನಮ್ಮ ಊರುಗಳಲ್ಲಿ ಗಾರೆ ಅರೆಯುತ್ತಿದ್ದವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಕಿತ್ತ ಆ ನಾಲ್ಕು ಚೌಕಟ್ಟುಗಳು ಈಗ ಎಲ್ಲಿವೆ?

ಒಪ್ಪದವನು

ತಾಂತ್ರಿಕ ವಿವರಗಳು ಚೆನ್ನಾಗಿವೆ. ಮೂಲ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುತ್ತಿಲ್ಲವಾದ್ದರಿಂದ ನಾನೇ ಎತ್ತುತ್ತೇನೆ. ಸ್ವಂತ ಮನೆ ಕೊಂಡು 80,000 ಡಾಲರ್ ದುರಸ್ತಿಗೆ ಇಡಬಲ್ಲ ಕುಟುಂಬಕ್ಕೆ, ಅಪಾರ್ಟ್‌ಮೆಂಟಿನ ಬಾಡಿಗೆ ಕಟ್ಟಲು ಪರದಾಡುವವರೂ ತುಂಬುವ ಬೊಕ್ಕಸದಿಂದ 12,000 ಏಕೆ ಹೋಗಬೇಕು? ತೆರಿಗೆ ಹೆಚ್ಚು ಕಟ್ಟುವವರಿಗೆ ಕ್ರೆಡಿಟ್ ಬೇಗ ದಕ್ಕುತ್ತದೆ. ಪಿಂಚಣಿಯಲ್ಲಿ ಬದುಕುತ್ತ, ಅದೇ ಬೀದಿಯಲ್ಲಿ ಐವತ್ತು ವರ್ಷದಿಂದ ವಾಸವಿರುವ ವಿಧವೆಗೆ ಕಟ್ಟಲು ತೆರಿಗೆಯೇ ಇಲ್ಲದ ಕಾರಣ ಏನೂ ದಕ್ಕುವುದಿಲ್ಲ. ಇದಕ್ಕೆ ಸಂರಕ್ಷಣೆ ಎಂಬ ಹೆಸರು ಮಾತ್ರ ಚೆಂದ.

ಇಟ್ಟಿಗೆಪೇಟೆ

ನಾನು ಇಪ್ಪತ್ತು ವರ್ಷದಿಂದ ಮಿಸೌರಿಯ ಸೇಂಟ್ ಲೂಯಿಸಿನಲ್ಲಿದ್ದೇನೆ. ‘ಒಪ್ಪದವನು’ ಅವರ ಮಾತಿನಲ್ಲಿ ಅರ್ಧ ನಿಜವಿದೆ, ಉಳಿದರ್ಧವನ್ನು ನಮ್ಮ ಊರಿನ ಬೀದಿಗಳೇ ಅಲ್ಲಗಳೆಯುತ್ತವೆ.

1950ರ ಜನಗಣತಿಯಲ್ಲಿ ಈ ನಗರದಲ್ಲಿ 8,56,796 ಜನರಿದ್ದರು. 2020ರಲ್ಲಿ ಉಳಿದವರು 3,01,578. ಐದೂವರೆ ಲಕ್ಷ ಜನ ಬಿಟ್ಟುಹೋದ ಊರಿನಲ್ಲಿ ಮನೆಗಳಿಗೆ ಏನಾಗುತ್ತದೆ ಎಂದು ಊಹಿಸಿ. ಇಲ್ಲಿಯ ಕೆಂಪು ಇಟ್ಟಿಗೆಗೆ ಎಂಥ ಬೇಡಿಕೆ ಎಂದರೆ, ಪಾಳುಬಿದ್ದ ಮನೆಗೆ ಕಳ್ಳರು ಬೆಂಕಿ ಹಚ್ಚುತ್ತಿದ್ದರು. ಅಗ್ನಿಶಾಮಕದವರ ನೀರಿನ ರಭಸಕ್ಕೆ ಗಾರೆ ಸಡಿಲವಾದ ಮೇಲೆ ಇಟ್ಟಿಗೆಗಳನ್ನು ಬಿಡಿಸಿ ಲಾರಿಗೆ ತುಂಬಿ ದಕ್ಷಿಣದ ರಾಜ್ಯಗಳಿಗೆ ಮಾರುತ್ತಿದ್ದರು. ಗೋಡೆಗಿಂತ ಬಿಡಿ ಇಟ್ಟಿಗೆಗೆ ಬೆಲೆ ಹೆಚ್ಚಾದ ಕಡೆ ಮಾಲೀಕನಿಗೆ ಬುದ್ಧಿವಾದ ಹೇಳಿ ಪ್ರಯೋಜನವಿಲ್ಲ, ಲೆಕ್ಕವನ್ನೇ ಬದಲಾಯಿಸಬೇಕು.

ಮಿಸೌರಿ ಮಾಡಿದ್ದು ಅದನ್ನೇ. 1997ರಲ್ಲಿ ಒಪ್ಪಿದ ಕಾಯ್ದೆಯ ಪ್ರಕಾರ ಅರ್ಹ ಖರ್ಚಿನ 25 ಶೇಕಡಾ ರಾಜ್ಯದ ಕ್ರೆಡಿಟ್ ದೊರೆಯಿತು, ಆದಾಯ ತರುವ ಕಟ್ಟಡಕ್ಕೆ ಕೇಂದ್ರದ 20 ಅದರ ಮೇಲೆ ಸೇರಿತು. ಅದಕ್ಕಿಂತ ಮುಖ್ಯವಾದ ಅಂಶವೆಂದರೆ ಮಿಸೌರಿಯ ಕ್ರೆಡಿಟನ್ನು ಮಾರಬಹುದು. ಕಟ್ಟಡದ ಮಾಲೀಕನಿಗೆ ಅಷ್ಟು ತೆರಿಗೆ ಬಾಕಿ ಇಲ್ಲದಿದ್ದರೆ, ಬಾಕಿ ಇರುವ ಬ್ಯಾಂಕಿಗೋ ವಿಮಾ ಕಂಪನಿಗೋ ಮುಖಬೆಲೆಗಿಂತ ತುಸು ಕಡಿಮೆಗೆ ಕೊಟ್ಟು ನಗದು ಪಡೆಯುತ್ತಾನೆ. ವಾಷಿಂಗ್ಟನ್ ಅವೆನ್ಯೂವಿನಲ್ಲಿ ಬೂಟು ಮತ್ತು ಬಟ್ಟೆ ವ್ಯಾಪಾರದ ಹಳೆಯ ಗೋದಾಮುಗಳು ಒಂದೊಂದಾಗಿ ವಸತಿಯಾದದ್ದು ಈ ಎರಡು ಕ್ರೆಡಿಟ್‌ಗಳ ಜೋಡಿಯಿಂದ. ಹಾಗೆಂದು ಎಲ್ಲದರ ಕೀರ್ತಿಯನ್ನೂ ಕಾಯ್ದೆಗೆ ಕೊಡಲಾರೆ: ಬೂಟುಗಳು ಉರುಳಿ ಇಳಿಯುತ್ತಿದ್ದ ಸುರುಳಿ ಜಾರುಗಳಲ್ಲಿ ಈಗ ಮಕ್ಕಳು ಜಾರುವ ಸಿಟಿ ಮ್ಯೂಸಿಯಂ 1997ರಲ್ಲೇ ತೆರೆದಿತ್ತು, ಅದು ಒಬ್ಬ ಶಿಲ್ಪಿಯ ಹುಚ್ಚಿನ ಫಲ.

ಈಗ ನಿಜವಿರುವ ಅರ್ಧದ ಬಗ್ಗೆ. ಮೊದಲ ವರ್ಷಗಳಲ್ಲಿ ಮಿಸೌರಿಯ ಕ್ರೆಡಿಟಿಗೆ ವಾರ್ಷಿಕ ಮಿತಿಯೇ ಇರಲಿಲ್ಲ, ಬಜೆಟ್ ಮಾಡುವವರಿಗೆ ಅದು ತಳವಿಲ್ಲದ ಪಾತ್ರೆಯಂತೆ ಕಂಡಿತು. 2010ರಿಂದ 14 ಕೋಟಿ ಡಾಲರಿನ ಮಿತಿ ಬಂತು. 2018ರಲ್ಲಿ ಅದನ್ನು 9 ಕೋಟಿಗೆ ಇಳಿಸಿ, ಬಡತನ ಹೆಚ್ಚಿರುವ ಗಣತಿ ಪ್ರದೇಶಗಳಿಗೆಂದೇ ಬೇರೆ 3 ಕೋಟಿಯನ್ನು ಮೀಸಲಿಟ್ಟರು. ಸ್ವಂತ ವಾಸದ ಮನೆಗೂ ತಲಾ ಮಿತಿ ಇದೆ. ನನ್ನ ದೃಷ್ಟಿಯಲ್ಲಿ ಆ ಮೀಸಲು ಮೊದಲ ದಿನದಿಂದಲೇ ಇರಬೇಕಾಗಿತ್ತು. ಬಿಳಿಯರು ಹಿಂತಿರುಗಲು ಮನಸ್ಸು ಮಾಡಿದ ಬೀದಿಗಳಿಗೆ ಹಣ ಮೊದಲು ಹರಿಯಿತು, ನಗರದ ಉತ್ತರ ಭಾಗದ ಕಪ್ಪು ಜನರ ಬೀದಿಗಳಲ್ಲಿ ಇಟ್ಟಿಗೆ ಕಳ್ಳರೇ ಮೊದಲು ತಲುಪಿದರು.

ಜಮಾಖರ್ಚು

‘ಇಟ್ಟಿಗೆಪೇಟೆ’ ಅವರಿಗೆ ಒಂದು ಸೇರ್ಪಡೆ: ರಾಜ್ಯದ ಕ್ರೆಡಿಟ್ ಮಾರಿ ಬಂದ ಹಣದ ಮೇಲೆ ಕೇಂದ್ರದ ಆದಾಯ ತೆರಿಗೆ ಇದೆ, ಆದ್ದರಿಂದ 25 ಶೇಕಡಾ ಎಂಬುದು ಕೈಗೆ ಬರುವಷ್ಟರಲ್ಲಿ ಕರಗಿರುತ್ತದೆ. ವರ್ಜೀನಿಯಾದಲ್ಲಿ ಮಾರಲು ಅವಕಾಶವಿಲ್ಲ, ಪಾಲುದಾರರ ನಡುವೆ ಹಂಚಬಹುದು. ಅಲ್ಲಿ ಹೂಡಿಕೆದಾರರನ್ನು ಅಲ್ಪಕಾಲದ ಪಾಲುದಾರರನ್ನಾಗಿ ಸೇರಿಸಿಕೊಂಡು ಕ್ರೆಡಿಟ್ ಹಂಚಿದ ಏರ್ಪಾಡನ್ನು 2011ರಲ್ಲಿ ನಾಲ್ಕನೆಯ ವಲಯದ ಮೇಲ್ಮನವಿ ನ್ಯಾಯಾಲಯ ಮುಸುಕು ಹಾಕಿದ ಮಾರಾಟವೆಂದು ತೀರ್ಮಾನಿಸಿತು.

‘ಒಪ್ಪದವನು’ ಅವರ ವಿಧವೆಯ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರವೂ ಇದೆ. ಮೇರಿಲ್ಯಾಂಡ್ ತನ್ನ ಮನೆ ಮಾಲೀಕರಿಗೆ 20 ಶೇಕಡಾ ಕ್ರೆಡಿಟ್ ಕೊಡುತ್ತದೆ. 5,000 ಡಾಲರ್ ಖರ್ಚಿನಿಂದ ಆರಂಭ, 24 ತಿಂಗಳಿಗೆ ಗರಿಷ್ಠ 50,000. ಕಟ್ಟಬೇಕಾದ ತೆರಿಗೆಗಿಂತ ಕ್ರೆಡಿಟ್ ಹೆಚ್ಚಾದರೆ ಉಳಿದದ್ದನ್ನು ರಾಜ್ಯವೇ ಚೆಕ್ ಬರೆದು ಕೊಡುತ್ತದೆ. ಉತ್ತರ ಕ್ಯಾರೊಲೈನಾದಲ್ಲಿ ಆ ಅನುಕೂಲವಿಲ್ಲ. ಕ್ರೆಡಿಟ್ ಎಷ್ಟು ಶೇಕಡಾ ಎಂದು ಎಲ್ಲರೂ ಕೇಳುತ್ತಾರೆ. ಮಾರಬಹುದೇ, ಮರಳಿ ನಗದಾಗಿ ಬರುತ್ತದೆಯೇ, ಬರೇ ಮುಂದಕ್ಕೆ ಒಯ್ಯಬಹುದೇ ಎಂಬುದನ್ನು ಕೇಳುವವರು ಕಡಿಮೆ. ಯಾರ ಮನೆ ಉಳಿಯುತ್ತದೆ ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಇನ್ನೊಂದು, ಅದೇ ದೊಡ್ಡದು: ನಾಳೆಯೂ ಇರುತ್ತದೆಯೇ? ಇಲ್ಲಿ ಉತ್ತರ ಕ್ಯಾರೊಲೈನಾದಲ್ಲಿ 1998ರಿಂದ ಜಾರಿಯಲ್ಲಿದ್ದ ಕ್ರೆಡಿಟ್ ಆದಾಯ ತರುವ ಕಟ್ಟಡಕ್ಕೆ 20, ಸ್ವಂತ ಮನೆಗೆ 30 ಶೇಕಡಾ ಕೊಡುತ್ತಿತ್ತು, ಪಾಳು ಗಿರಣಿಗಳಿಗೆ ಇನ್ನೂ ಹೆಚ್ಚಿನ ಪ್ರತ್ಯೇಕ ಕ್ರೆಡಿಟ್ ಇತ್ತು. ದರ ಇಳಿಸಿ ವಿನಾಯಿತಿಗಳನ್ನು ಕತ್ತರಿಸುವ ತೆರಿಗೆ ಸುಧಾರಣೆಯ ಗಾಳಿಯಲ್ಲಿ 2014ರ ಕೊನೆಗೆ ಅದನ್ನು ಕೊನೆಗೊಳಿಸಿದರು. 2015 ಇಡೀ ವರ್ಷ ಹೊಸ ಯೋಜನೆಗಳಿಗೆ ಏನೂ ಇರಲಿಲ್ಲ. ಆಗಿನ ಸಾಂಸ್ಕೃತಿಕ ಸಂಪನ್ಮೂಲ ಕಾರ್ಯದರ್ಶಿ ಸೂಸನ್ ಕ್ಲಟ್ಜ್ ಊರೂರು ಸುತ್ತಿ ಸಣ್ಣ ಪಟ್ಟಣಗಳ ಮೇಯರುಗಳ ದನಿ ಕೂಡಿಸಿದ ಮೇಲೆ, 2016ರ ಜನವರಿಯಿಂದ ಕಡಿಮೆ ದರದಲ್ಲಿ ಮರಳಿತು: ಸ್ವಂತ ಮನೆಗೆ 30 ಇದ್ದದ್ದು 15, ದೊಡ್ಡ ಯೋಜನೆಗಳಿಗೆ ಮೊದಲ 1 ಕೋಟಿ ಡಾಲರ್ ಖರ್ಚಿಗೆ 15, ಮುಂದಿನ 1 ಕೋಟಿಗೆ 10. ಹಿಂದುಳಿದ ಕೌಂಟಿಗಳಿಗೆ 5 ಹೆಚ್ಚು. ದೊಡ್ಡ ಕಟ್ಟಡವೊಂದರ ಸಾಲ, ನಕ್ಷೆ, ಅನುಮತಿಗಳಿಗೇ ಮೂರು ನಾಲ್ಕು ವರ್ಷ ಹಿಡಿಯುವಾಗ, ಕೊನೆಯ ದಿನಾಂಕ ಬರೆದ ಕ್ರೆಡಿಟನ್ನು ನಂಬಿ ಯಾವ ಬ್ಯಾಂಕು ಸಾಲ ಕೊಡುತ್ತದೆ? ಹೊಸ ಕಾಯ್ದೆಗೂ ಕೊನೆಯ ದಿನಾಂಕವಿತ್ತು, ಆಮೇಲೆ ಮುಂದೂಡಿದರು. ಪ್ರತಿ ಸಲ ಮುಂದೂಡುವವರೆಗೆ ಎಲ್ಲರೂ ಉಸಿರು ಬಿಗಿಹಿಡಿದಿರಬೇಕು.

ಸುಣ್ಣಗಾರೆ

ಡರ್‌ಹ್ಯಾಮಿನಲ್ಲಿ ಇರುವವರು ಅಮೆರಿಕನ್ ಟೊಬ್ಯಾಕೊ ಆವರಣಕ್ಕೆ ಖಂಡಿತ ಹೋಗಿರುತ್ತೀರಿ. 1987ರಲ್ಲಿ ಸಿಗರೇಟು ಕಾರ್ಖಾನೆ ಮುಚ್ಚಿದ ಮೇಲೆ ಅದು ವರ್ಷಗಟ್ಟಲೆ ಮುಳ್ಳುತಂತಿಯ ಹಿಂದೆ ಪಾಳುಬಿದ್ದಿತ್ತು. 2004ರಲ್ಲಿ ಕಚೇರಿ, ಹೋಟೆಲುಗಳಾಗಿ ತೆರೆಯಿತು. ನಮ್ಮವರು ಎಷ್ಟೋ ಜನ ‘ಲಕ್ಕಿ ಸ್ಟ್ರೈಕ್’ ಎಂಬ ಸಿಗರೇಟಿನ ಹೆಸರು ಹೊತ್ತ ಹೊಗೆಗೊಳವೆಯ ಕೆಳಗೆ ಊಟದ ಬುತ್ತಿ ಬಿಚ್ಚುತ್ತಾರೆ. ‘ಜಮಾಖರ್ಚು’ ಅವರು ಹೇಳಿದ ಹಳೆಯ ಕ್ರೆಡಿಟ್ ಏನು ಮಾಡಿತೆಂಬುದಕ್ಕೆ ಇದೇ ರಾಜ್ಯದ ಗ್ಯಾಸ್ಟೋನಿಯಾದ ಲೋರೆ ಹತ್ತಿ ಗಿರಣಿ ಇನ್ನೂ ಒಳ್ಳೆಯ ನಿದರ್ಶನ. 1929ರ ಕಾರ್ಮಿಕರ ಮುಷ್ಕರ ನಡೆದದ್ದು ಅಲ್ಲಿ. ಮುಂದೆ ಫೈರ್‌ಸ್ಟೋನ್ ಕಂಪನಿ ಟೈರಿನ ನೂಲು ತೆಗೆಯುತ್ತಿದ್ದದ್ದೂ ಅಲ್ಲೇ. ಗಿರಣಿಗಳಿಗಿದ್ದ ಪ್ರತ್ಯೇಕ ಕ್ರೆಡಿಟ್ ಇಲ್ಲದಿದ್ದರೆ ಅಷ್ಟು ದೊಡ್ಡ ಕಟ್ಟಡ ವಸತಿಯಾಗುವ ಲೆಕ್ಕ ಕೂಡುತ್ತಲೇ ಇರಲಿಲ್ಲ.

ಒಂಟಿಕೊಪ್ಪಲು

ಮೈಸೂರಿನಿಂದ ಓದುತ್ತಿದ್ದೇನೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಂಥ ಕ್ರೆಡಿಟ್ ಇಲ್ಲಿದ್ದರೆ ಆ ಎರಡೂ ಉಳಿಯುತ್ತಿದ್ದವೇ ಎಂದು ಯೋಚಿಸಿದೆ. ಇಲ್ಲ ಎನಿಸಿತು, ಏಕೆಂದರೆ ಅವು ಸಾರ್ವಜನಿಕ ಸ್ವತ್ತುಗಳು, ಆದಾಯ ತೆರಿಗೆ ಕಟ್ಟುವ ಮಾಲೀಕರೇ ಅವುಗಳಿಗಿಲ್ಲ. ನಮ್ಮ ಆದಾಯ ತೆರಿಗೆ ಕಾಯ್ದೆಯಲ್ಲಿ ಅಧಿಸೂಚಿತ ದೇವಸ್ಥಾನ, ಮಸೀದಿ, ಚರ್ಚು, ಗುರುದ್ವಾರಗಳ ಜೀರ್ಣೋದ್ಧಾರಕ್ಕೆ ಕೊಟ್ಟ ದಾನಕ್ಕೆ ಕಡಿತವಿದೆ. ತನ್ನದೇ ಹಳೆಯ ಮನೆಯ ಹಂಚು ಬದಲಿಸುವವನಿಗೆ ಅದರಲ್ಲಿ ಜಾಗವಿಲ್ಲ. ನಮ್ಮ ಅಗ್ರಹಾರದ ತೊಟ್ಟಿಮನೆಗಳು ಹೋಗುತ್ತಿರುವುದು ಆ ಸಂದಿಯಲ್ಲಿ.

ಒಪ್ಪದವನು

ಮೇರಿಲ್ಯಾಂಡಿನ ಮಾದರಿಯನ್ನು ಒಪ್ಪುತ್ತೇನೆ. ಮಿಕ್ಕದ್ದನ್ನು ಒಪ್ಪುವುದಿಲ್ಲ. ಲೋರೆ ಗಿರಣಿಯಲ್ಲಿ ಮುಷ್ಕರ ಮಾಡಿದವರ ಮೊಮ್ಮಕ್ಕಳಿಗೆ ಅಲ್ಲಿಯ ಬಾಡಿಗೆ ಕಟ್ಟಲು ಆಗುತ್ತದೆಯೇ ಎಂಬುದನ್ನೂ ಯಾರಾದರೂ ಬರೆಯಲಿ.

ಹೊಸಬರ ಹಳೆಮನೆ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳ ನಂತರ ಮರಳಿ ಬರೆಯುತ್ತಿದ್ದೇನೆ. ನಾಮನಿರ್ದೇಶನ ಪತ್ರದಲ್ಲಿ ನಮ್ಮ ಮನೆಯ ಕಂಡಿಕೆ ಸಿಕ್ಕಿತು: ಒಂದೂವರೆ ಅಂತಸ್ತು, ಮುಂಜಗಲಿ, ಕೊಡುಗೆ ನೀಡುವ ಕಟ್ಟಡ. ಮೂರೇ ಸಾಲು, ಆದರೂ ನಮ್ಮ ಮನೆಯ ಜಾತಕ ಓದಿದಂತಾಯಿತು.

ಕಿತ್ತ ಚೌಕಟ್ಟುಗಳನ್ನು ಗುತ್ತಿಗೆದಾರ ಕಸಕ್ಕೆ ಹಾಕಿರಲಿಲ್ಲ. ಹಿತ್ತಲಿನಲ್ಲಿ ನೀಲಿ ಟಾರ್ಪಾಲಿನಡಿ ಒರಗಿಸಿಟ್ಟಿದ್ದರು. ಮೂರು ಜೊತೆ ಗಟ್ಟಿಯಾಗಿವೆ. ನಾಲ್ಕನೆಯ ಜೊತೆಯ ಕೆಳಗಿನ ಅಡ್ಡಪಟ್ಟಿ ಕೊಳೆತಿದೆ, ಎರಡು ಗಾಜು ಒಡೆದಿವೆ. ಕಚೇರಿಗೆ ಕರೆಮಾಡಿ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಕೆಲಸ ನಿಲ್ಲಿಸಿ, ಈಗಿರುವ ಸ್ಥಿತಿಯಲ್ಲೇ ಎಲ್ಲ ಕೋಣೆಗಳ ಮತ್ತು ನಾಲ್ಕೂ ಮುಖಗಳ ಚಿತ್ರ ತೆಗೆದು, ವಿನೈಲ್ ತೆಗೆದು ಹಳೆಯ ಕಿಟಕಿಗಳನ್ನು ಮರಳಿ ಕೂರಿಸುವ ಯೋಜನೆಯನ್ನೂ ಸೇರಿಸಿ ಅರ್ಜಿ ಹಾಕಿ ಎಂದರು. ವಿನೈಲಿಗೆ ಕೊಟ್ಟ ಹಣ ನಮ್ಮ ಕೈಯಿಂದಲೇ ಹೋಯಿತು. ಅರ್ಜಿ ನಿನ್ನೆ ಹೋಗಿದೆ, ಒಪ್ಪಿಗೆ ಬರುವವರೆಗೆ ಮೊಳೆಯನ್ನೂ ಹೊಡೆಯುವುದಿಲ್ಲ.

ಮಲಗುವ ಕೋಣೆಯ ಕಿಟಕಿಯೊಂದರ ಪೆಟ್ಟಿಗೆಯನ್ನು, ‘ಸುಣ್ಣಗಾರೆ’ ಅವರು ಹೇಳಿದರೆಂದು, ಕುತೂಹಲಕ್ಕೆ ತೆರೆದು ನೋಡಿದೆ. ಹಗ್ಗ ತುಂಡಾಗಿ ಗುಂಡು ತಳದಲ್ಲಿ ಬಿದ್ದಿತ್ತು. ಇಂಥ ಗುಂಡಿಗೆ ಎಷ್ಟು ದಪ್ಪದ ಹಗ್ಗ ಬೇಕು, ಹತ್ತಿಯದೇ ಆಗಬೇಕೇ, ಯಾರಾದರೂ ತಿಳಿಸಿ.